ಪ್ರಿಎಕ್ಲಾಂಪ್ಸಿಯಾ: ತಾಯಿ ಕಾರ್ಡಿನ ಎರಡು ಅಂಕಿಗಳು

ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಸೀಮಂತ ಮಾಡಿ, ಕೈತುಂಬ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ತವರಿಗೆ ಕಳುಹಿಸುವ ಪದ್ಧತಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಹೆರಿಗೆಗೆ ಮುಂಚಿನ ದಿನಗಳಲ್ಲಿ ಮಗಳು ಹೆತ್ತವರ ಕಣ್ಣೆದುರಿಗಿರಲಿ ಎಂಬ ಕಾಳಜಿ ಅದರ ಹಿಂದಿದೆ. ಆದರೆ ವೈದ್ಯಕೀಯವಾಗಿ ನೋಡಿದರೆ ಇಲ್ಲೊಂದು ತೊಡಕಿದೆ. ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚೊಚ್ಚಲ ಬಸುರಿನಲ್ಲಿ, ಅದೂ ಕೊನೆಯ ಎರಡು ಮೂರು ತಿಂಗಳಲ್ಲಿ. ಎಂದರೆ, ಅಷ್ಟು ದಿನ ಆಕೆಯ ರಕ್ತದೊತ್ತಡ ನೋಡಿ ಬರೆದಿಟ್ಟ ಆಶಾ ಕಾರ್ಯಕರ್ತೆ, ನರ್ಸ್, ವೈದ್ಯರು ಎಲ್ಲರೂ ಗಂಡನ ಊರಿನಲ್ಲೇ ಉಳಿದು, ಆಕೆಯ ಹಿಂದಿನ ಆರು ತಿಂಗಳ ಬಗ್ಗೆ ಏನೂ ತಿಳಿಯದವರ ಬಳಿಗೆ ಆಕೆ ತಪಾಸಣೆಗೆ ಹೋಗಬೇಕಾದ ಹೊತ್ತಿನಲ್ಲಿ. ಸೀರೆ, ಕುಪ್ಪಸ, ಕೊಬ್ಬರಿ ಎಲ್ಲವೂ ಚೀಲ ಸೇರಿದವೇ ಎಂದು ನೋಡುವ ಮನೆಯವರು ತಾಯಿ ಕಾರ್ಡ್ ಸೇರಿತೇ ಎಂದೂ ನೋಡಬೇಕು. ಆ ಕಾರ್ಡಿನಲ್ಲಿ ಪ್ರತಿ ತಪಾಸಣೆಯ ದಿನಾಂಕದ ಜೊತೆಗೆ ಬರೆದಿರುವ ರಕ್ತದೊತ್ತಡದ ಎರಡು ಅಂಕಿಗಳೇ ಈ ಕಾಯಿಲೆಯನ್ನು ಹಿಡಿಯಲು ನಮಗಿರುವ ಮುಖ್ಯ ಸಾಧನ.

ಬಸುರಿನ 20 ವಾರ ತುಂಬುವವರೆಗೆ ಸರಿಯಾಗಿದ್ದ ರಕ್ತದೊತ್ತಡ ಆಮೇಲೆ ಏರಿ, ಕನಿಷ್ಠ 4 ಗಂಟೆ ಅಂತರದಲ್ಲಿ ಎರಡು ಸಲ ನೋಡಿದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90 ಮುಟ್ಟಿದ್ದರೆ, ಅದನ್ನು ಬಸುರಿನಿಂದ ಬಂದ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದಿದ್ದರೆ ಭಯವಿಲ್ಲ ಎಂದು ಹಿಂದೆ ಭಾವಿಸಲಾಗಿತ್ತು, ಈಗ ಹಾಗಲ್ಲ. ಪ್ಲೇಟ್‌ಲೆಟ್ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ 1.1 ಮಿ.ಗ್ರಾಂ./ಡೆ.ಲೀ. ದಾಟಿದ್ದರೆ, ಯಕೃತ್ತಿನ ಕಿಣ್ವಗಳು ಇರಬೇಕಾದುದಕ್ಕಿಂತ ಎರಡು ಪಟ್ಟಾಗಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ಮಾತ್ರೆಗೂ ಬಗ್ಗದ ತಲೆನೋವು ಅಥವಾ ಕಣ್ಣು ಮಂಜಾಗುವ ತೊಂದರೆ ಹೊಸದಾಗಿ ಶುರುವಾಗಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಕಾಣದಿದ್ದರೂ ರೋಗನಿರ್ಣಯ ಅದೇ. ಒತ್ತಡ 160/110ಕ್ಕೆ ಏರಿದರೆ ಅದು ತೀವ್ರ ಹಂತ. ಅಲ್ಲಿ ದಿನಗಳ ಲೆಕ್ಕವಿಲ್ಲ, ನಿಮಿಷಗಳ ಲೆಕ್ಕ.

ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದುವುದರಿಂದ ಪೂರ್ಣ ಚಿತ್ರ ಸಿಗುವುದಿಲ್ಲ. ಬಸುರಿನ ನಡುವಿನ ತಿಂಗಳುಗಳಲ್ಲಿ ರಕ್ತದೊತ್ತಡ ಸಹಜವಾಗಿಯೇ ಸ್ವಲ್ಪ ಇಳಿದಿರುತ್ತದೆ. ಐದನೇ ತಿಂಗಳಲ್ಲಿ 100/60 ಇದ್ದವಳಿಗೆ ಎಂಟನೇ ತಿಂಗಳಲ್ಲಿ 136/88 ಬಂದರೆ ಅದು ಗೆರೆಯ ಒಳಗೇ ಇದೆ, ನಿಜ. ಆದರೆ ಹಳೆಯ ಕಾರ್ಡ್ ನೋಡಿದ ನರ್ಸ್ ಆಕೆಯನ್ನು ಮುಂದಿನ ತಿಂಗಳು ಬಾ ಎಂದು ಕಳುಹಿಸದೆ ಮೂರು ನಾಲ್ಕು ದಿನದಲ್ಲೇ ಮತ್ತೆ ಬರಲು ಹೇಳುತ್ತಾರೆ. ಕಾರ್ಡ್ ತವರಿಗೆ ಬಾರದಿದ್ದರೆ ಈ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಯಿಲೆಯ ಮೂಲ ಇರುವುದು ಮಾಸಿನಲ್ಲಿ, ಎಂದರೆ ಹೊಟ್ಟೆಯೊಳಗಿನ ಮಗುವಿಗೆ ತಾಯಿಯ ರಕ್ತದಿಂದ ಪೋಷಣೆ ಒದಗಿಸುವ ಪ್ಲಸೆಂಟಾದಲ್ಲಿ. ಹಳೆಯ ವೈದ್ಯರು ಇದನ್ನು ಟಾಕ್ಸೀಮಿಯಾ ಎಂದು ಕರೆಯುತ್ತಿದ್ದರು, ಕನ್ನಡದಲ್ಲಿ ಅದು ಗರ್ಭಿಣಿಯ ನಂಜು ಎಂದಾಯಿತು. ರಕ್ತದಲ್ಲಿ ಏನೋ ವಿಷ ಸೇರಿಕೊಂಡಿದೆ ಎಂಬ ಊಹೆ ಆ ಹೆಸರಿನ ಹಿಂದಿತ್ತು. ಅಂಥ ವಿಷ ಸಿಗಲಿಲ್ಲ, ಹೆಸರನ್ನು ವೈದ್ಯಕೀಯ ಕೈಬಿಟ್ಟಿತು. ಆದರೆ ಮಾಸಿನಿಂದ ಏನೋ ಒಂದು ತಾಯಿಯ ರಕ್ತಕ್ಕೆ ಇಳಿಯುತ್ತದೆ ಎಂಬ ಮಟ್ಟಿಗೆ ಆ ಊಹೆ ಪೂರ್ತಿ ತಪ್ಪೂ ಆಗಿರಲಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ಬೇರಿಳಿಸಿ, ಅಲ್ಲಿನ ಸುರುಳಿಯಾಕಾರದ ಸಣ್ಣ ರಕ್ತನಾಳಗಳನ್ನು ಅಗಲ ಮಾಡಿಕೊಳ್ಳುತ್ತವೆ. ಸಣ್ಣ ತೂಬನ್ನು ಒಡೆದು ದೊಡ್ಡ ಕಾಲುವೆ ತೆಗೆದಂತೆ ಈ ಕೆಲಸ. ಅದು ಅರ್ಧಕ್ಕೇ ನಿಂತರೆ ಆರಂಭದಲ್ಲಿ ಏನೂ ತಿಳಿಯುವುದಿಲ್ಲ, ಏಕೆಂದರೆ ಚಿಕ್ಕ ಶಿಶುವಿಗೆ ಬೇಕಾಗುವ ರಕ್ತವೂ ಕಡಿಮೆ. ಶಿಶು ಬೆಳೆದಂತೆ ಹರಿವು ಸಾಲದಾಗಿ, ಮಾಸು ಬಳಲತೊಡಗುತ್ತದೆ. ಬಳಲಿದ ಮಾಸು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಮಿತಿಮೀರಿ ತಾಯಿಯ ರಕ್ತಕ್ಕೆ ಬಿಡುತ್ತದೆ ಎಂಬುದನ್ನೂ, ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಅಂಶಗಳನ್ನು ಅದು ಹಿಡಿದಿಟ್ಟುಕೊಂಡುಬಿಡುತ್ತದೆ ಎಂಬುದನ್ನೂ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ವೈದ್ಯವಿಜ್ಞಾನಿ ಅನಂತ್ ಕರುಮಂಚಿ ಮತ್ತು ಅವರ ಸಂಗಡಿಗರು 2003ರಲ್ಲಿ ತೋರಿಸಿದರು.

ಒಳಪದರ ಕೆಟ್ಟ ರಕ್ತನಾಳ ಬಿಗಿಯುತ್ತದೆ, ಸೋರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಉಳಿದ ಲಕ್ಷಣಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಬಿಗಿದಾಗ ರಕ್ತದೊತ್ತಡ ಏರುತ್ತದೆ. ಮೂತ್ರಪಿಂಡದ ಸೋಸುಗಳು ಸೋರಿದಾಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಅಂಗಾಂಶಗಳಿಗೆ ನೀರು ಸೋರಿದಾಗ ಮುಖ, ಕೈ, ಕಾಲು ಊದುತ್ತವೆ. ಯಕೃತ್ತು ಊದಿ ಅದರ ಹೊದಿಕೆ ಬಿಗಿದಾಗ ಬಲಪಕ್ಕೆಲುಬಿನ ಕೆಳಗೆ ಅಥವಾ ಎದೆಗುಳಿಯಲ್ಲಿ ನೋವು ಬರುತ್ತದೆ. ಮೆದುಳಿನಲ್ಲಿ ಇದೇ ನಡೆದಾಗ ತಲೆನೋವು, ಕಣ್ಣ ಮುಂದೆ ಮಿಂಚು, ಕೊನೆಗೆ ಫಿಟ್ಸ್. ಫಿಟ್ಸ್ ಬಂದ ಮೇಲೆ ಕಾಯಿಲೆಯ ಹೆಸರು ಎಕ್ಲಾಂಪ್ಸಿಯಾ. ಗ್ರೀಕ್ ಮೂಲದ ಆ ಪದಕ್ಕೆ ಮಿಂಚಿನಂತೆ ಫಳ್ಳನೆ ಹೊಳೆಯುವುದು ಎಂಬ ಅರ್ಥವಿದೆ. ಮಾಸಿಗೆ ರಕ್ತ ಸಾಲದಿರುವುದರಿಂದ ಮಗು ಸೊರಗುವುದೂ, ಕೆಲವೊಮ್ಮೆ ಮಾಸು ಹೆರಿಗೆಗೆ ಮೊದಲೇ ಕಿತ್ತುಬಂದು ರಕ್ತಸ್ರಾವವಾಗುವುದೂ ಇದೇ ಸರಣಿಯ ಕೊಂಡಿಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 46,000 ತಾಯಂದಿರು ಈ ಕಾಯಿಲೆಯಿಂದ ಸಾಯುತ್ತಾರೆ.

ಇಷ್ಟು ದೊಡ್ಡ ಕಾಯಿಲೆ ಮನೆಯವರ ಕಣ್ಣಿಗೂ, ಎಷ್ಟೋ ಸಲ ಆಸ್ಪತ್ರೆಯವರ ಕಣ್ಣಿಗೂ ಬೀಳದೆ ಹೋಗುವುದು ಹೇಗೆ? ಅದರ ಪ್ರತಿಯೊಂದು ಲಕ್ಷಣಕ್ಕೂ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ಎದೆಗುಳಿಯ ನೋವಿಗೆ ಗ್ಯಾಸ್ಟ್ರಿಕ್ ಎನ್ನುತ್ತೇವೆ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಟ್ಟು ರಾತ್ರಿ ಕಳೆಯುತ್ತೇವೆ. ಕಾಲು ಊದಿದರೆ ಬಸುರಿಯರಿಗೆ ನೀರು ಬರುವುದು ಇದ್ದದ್ದೇ ಎನ್ನುತ್ತೇವೆ. ತಲೆನೋವಿಗೆ ಬಿಸಿಲು, ನಿದ್ರೆಗೆಟ್ಟದ್ದು, ದೃಷ್ಟಿಯಾದದ್ದು ಎಂದು ಹತ್ತು ಕಾರಣಗಳಿವೆ. ಈ ಉತ್ತರಗಳು ಬಹಳ ಸಲ ಸರಿಯಾಗಿಯೂ ಇರುತ್ತವೆ ಎಂಬುದೇ ಅಪಾಯ: ಬಸುರಿನಲ್ಲಿ ಎದೆಯುರಿ, ಕಾಲೂತ ನಿಜಕ್ಕೂ ಸಾಮಾನ್ಯ. ಆದ್ದರಿಂದ ಲಕ್ಷಣವನ್ನು ನೋಡಿ ಊಹಿಸುವುದರಲ್ಲಿ ಅರ್ಥವಿಲ್ಲ. ಆರನೇ ತಿಂಗಳ ನಂತರ ಎದೆಗುಳಿಯ ನೋವು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬೆಳಿಗ್ಗೆ ಎದ್ದಾಗ ಮುಖ ಊದಿರುವುದು, ಉಂಗುರ ಬೆರಳಿನಿಂದ ಕಳಚದಿರುವುದು, ಒಂದೇ ವಾರದಲ್ಲಿ ತೂಕ ದಿಢೀರನೆ ಏರುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಮೊದಲು ಬಿ.ಪಿ. ನೋಡಿಸಬೇಕು, ಗ್ಯಾಸ್ಟ್ರಿಕ್ ಮಾತ್ರೆ ಆಮೇಲೆ. ಗ್ಯಾಸ್ಟ್ರಿಕ್ ಎಂದು ಬಂದ ತುಂಬು ಬಸುರಿಯ ತೋಳಿಗೆ ಪಟ್ಟಿ ಸುತ್ತದೆ ಚೀಟಿ ಬರೆಯುವ ವೈದ್ಯರೂ ಇಲ್ಲದಿಲ್ಲ; ಅವರಿಗೂ ಈ ಮಾತು ಅನ್ವಯಿಸುತ್ತದೆ.

ಬಿ.ಪಿ. ನೋಡುವುದು ಸುಲಭದ ಕೆಲಸವೆಂದು ಕಾಣುತ್ತದೆ, ತಪ್ಪಾಗುವುದೂ ಅಷ್ಟೇ ಸುಲಭ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುವ ತಿಂಗಳ 9ನೇ ತಾರೀಖಿನಂದು ಯಾವುದಾದರೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವರಾಂಡವನ್ನು ಕಲ್ಪಿಸಿಕೊಳ್ಳಿ. ಹನ್ನೊಂದು ಗಂಟೆಯ ಬಿಸಿಲಲ್ಲಿ ಬಸ್ಸಿಳಿದು ನಡೆದುಬಂದ ಗರ್ಭಿಣಿ ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕುಳಿತಿದ್ದಾಳೆ. ಹಿಂದೆ ಇಪ್ಪತ್ತು ಮಂದಿ ಸಾಲಿನಲ್ಲಿದ್ದಾರೆ. ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿಯಾಗಿದೆ. ಗಾಳಿ ತುಂಬುತ್ತಿರುವಾಗಲೇ ಮಾತ್ರೆ ನುಂಗುತ್ತಿದ್ದೀಯಾ ಎಂದು ನರ್ಸಕ್ಕ ಕೇಳುತ್ತಾರೆ, ಆಕೆ ಉತ್ತರ ಹೇಳುತ್ತಾಳೆ. ಬರುವ ಅಂಕಿಯನ್ನು ನಂಬುವ ಹಾಗಿಲ್ಲ. ಆಕೆ ಕನಿಷ್ಠ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲ ಮುಟ್ಟಿರಬೇಕು, ಬರಿಯ ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಬೇಕು, ಇಬ್ಬರೂ ಮಾತನಾಡಬಾರದು. ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು. ಸಣ್ಣದರಲ್ಲಿ ಒತ್ತಡ ಹೆಚ್ಚಾಗಿ ತೋರುತ್ತದೆ. ಎಲ್ಲ ಡಿಜಿಟಲ್ ಯಂತ್ರಗಳೂ ಗರ್ಭಿಣಿಯರಲ್ಲಿ ಪರೀಕ್ಷೆಗೊಳಪಟ್ಟವಲ್ಲ, ಕೆಲವು ಈ ಕಾಯಿಲೆಯಲ್ಲಿ ಒತ್ತಡವನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಇವೆಲ್ಲಕ್ಕಿಂತ ಕೆಟ್ಟದ್ದು ಅಳೆಯದೆಯೇ ಬರೆಯುವ 110/70. ಕಾರ್ಡಿನ ಪ್ರತಿ ಸಾಲಿನಲ್ಲೂ ಒಂದೇ ಅಂಕಿ ಇದ್ದರೆ, ಅದು ಆರೋಗ್ಯದ ಗುರುತು ಎಂದು ಭಾವಿಸುವ ಮೊದಲು ಯಾರಾದರೂ ನಿಜವಾಗಿ ಪಟ್ಟಿ ಸುತ್ತಿದ್ದರೇ ಎಂದು ಅನುಮಾನಿಸುವುದು ಒಳ್ಳೆಯದು. ತನ್ನ ಬಿ.ಪಿ. ಎಷ್ಟು ಬಂತು ಎಂದು ಕೇಳಿ ತಿಳಿದುಕೊಳ್ಳುವುದು ಗರ್ಭಿಣಿಯ ಹಕ್ಕು. ನಾರ್ಮಲ್ ಎಂಬ ಉತ್ತರ ಸಾಲದು, ಅಂಕಿಯೇ ಬೇಕು.

ಮೂತ್ರ ಪರೀಕ್ಷೆಯೂ ಇಷ್ಟೇ ಸರಳ. ಮೊದಲ ಹನಿಗಳನ್ನು ಬಿಟ್ಟು ನಡುವಿನ ಮೂತ್ರವನ್ನು ಸ್ವಚ್ಛವಾದ ಡಬ್ಬಿಯಲ್ಲಿ ಹಿಡಿದು, ಪರೀಕ್ಷಾ ಪಟ್ಟಿಯನ್ನು ಅದ್ದಿ ತೆಗೆದು, ಸುಮಾರು ಒಂದು ನಿಮಿಷದ ನಂತರ ಪಟ್ಟಿಗಳ ಡಬ್ಬಿಯ ಮೇಲೆ ಅಚ್ಚಾದ ಬಣ್ಣಗಳೊಂದಿಗೆ ಹೋಲಿಸುತ್ತಾರೆ. ಹಳದಿಯಾಗಿಯೇ ಉಳಿದರೆ ಪ್ರೋಟೀನ್ ಇಲ್ಲ, ಹಸಿರಿಗೆ ತಿರುಗಿದಷ್ಟೂ ಹೆಚ್ಚು. ಬಿಳಿಸೆರಗು ಅಥವಾ ಮೂತ್ರದ ಸೋಂಕು ಇದ್ದರೂ ಬಣ್ಣ ಬದಲಾಗಬಹುದು, ಆದ್ದರಿಂದ ಪಟ್ಟಿ ತೋರಿಸಿದ್ದನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಯಾರಿಗೆ ಬರುತ್ತದೆ ಎಂದು ಮುಂಚೆಯೇ ಪೂರ್ತಿ ಹೇಳಲು ಆಗದಿದ್ದರೂ, ಯಾರ ಮೇಲೆ ಹೆಚ್ಚು ಕಣ್ಣಿಡಬೇಕೆಂಬುದು ತಿಳಿದಿದೆ. ಹಿಂದಿನ ಬಸುರಿನಲ್ಲಿ ಇದೇ ಕಾಯಿಲೆ ಇದ್ದವರು, ಮೊದಲಿನಿಂದಲೂ ಬಿ.ಪಿ., ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ತನ್ನ ಅಂಗಗಳ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇರುವವರು, ಅವಳಿ ಮಕ್ಕಳನ್ನು ಹೊತ್ತವರು ಮುಂಚೂಣಿಯಲ್ಲಿದ್ದಾರೆ. ಚೊಚ್ಚಲ ಬಸುರು, 35 ದಾಟಿದ ವಯಸ್ಸು, ಅತಿತೂಕ, ಐ.ವಿ.ಎಫ್. ಬಸುರು, ತಾಯಿಗೋ ಅಕ್ಕತಂಗಿಯರಿಗೋ ಇದು ಬಂದಿದ್ದ ಇತಿಹಾಸ ಆನಂತರದವು. ಇಂಥವರಿಗೆ ವೈದ್ಯರು 12ನೇ ವಾರದ ಆಸುಪಾಸಿನಲ್ಲಿ, 16 ವಾರ ಮೀರುವ ಮೊದಲು, ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುತ್ತಾರೆ. ಹೆಚ್ಚಿನ ಅಪಾಯವಿರುವವರಿಗೆ ರಾತ್ರಿ ಮಲಗುವಾಗ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟರೆ, 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬರುವಂಥ ಪ್ರಿಎಕ್ಲಾಂಪ್ಸಿಯಾ ಶೇ. 60ಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು 2017ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಇದು ಹೃದಯದ ಮಾತ್ರೆ, ಬಸುರಿಗೇಕೆ ಎಂದು ಮನೆಯವರು ನಿಲ್ಲಿಸಿಬಿಡುವುದುಂಟು. ಆರಂಭಿಸಿದ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು, ಕೇಳದೆ ತಾವಾಗಿ ಆರಂಭಿಸಲೂಬಾರದು.

ಕ್ಯಾಲ್ಸಿಯಂ ವಿಚಾರದಲ್ಲಿ ಬೆಂಗಳೂರಿಗೆ ಹೇಳಿಕೊಳ್ಳುವಂಥ ಪಾಲಿದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಕಡೆಗಳಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1,500ರಿಂದ 2,000 ಮಿ.ಗ್ರಾಂ. ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು. ಅಷ್ಟು ಎಂದರೆ ದಿನಕ್ಕೆ ಮೂರು ನಾಲ್ಕು ದೊಡ್ಡ ಮಾತ್ರೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನಲ್ಲಿ 11,000 ಚೊಚ್ಚಲ ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನೋಡಿದಾಗ, 500 ಮಿ.ಗ್ರಾಂ. ಪಡೆದವರಲ್ಲಿ ಶೇ. 3.0, 1,500 ಮಿ.ಗ್ರಾಂ. ಪಡೆದವರಲ್ಲಿ ಶೇ. 3.6ರಷ್ಟು ಮಂದಿಗೆ ಪ್ರಿಎಕ್ಲಾಂಪ್ಸಿಯಾ ಕಾಣಿಸಿತು; ಕಡಿಮೆ ಪ್ರಮಾಣ ಹೆಚ್ಚಿನದಕ್ಕೆ ಸಾಟಿಯಾಗಿಯೇ ಇತ್ತು. ಫಲಿತಾಂಶ 2024ರ ಜನವರಿಯಲ್ಲಿ ಪ್ರಕಟವಾಯಿತು. ಭಾರತದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿರುವುದು 14ನೇ ವಾರದಿಂದ ದಿನಕ್ಕೆ ಎರಡು 500 ಮಿ.ಗ್ರಾಂ. ಮಾತ್ರೆಗಳು. ಕಬ್ಬಿಣಾಂಶದ ಮಾತ್ರೆಯ ಜೊತೆಗೇ ಇದನ್ನು ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಉಪ್ಪನ್ನು ಪೂರ್ತಿ ಬಿಟ್ಟು ಸಪ್ಪೆ ಊಟ ಮಾಡುವುದರಿಂದಾಗಲಿ, ಮನೆಯಲ್ಲಿ ಹಾಸಿಗೆ ಹಿಡಿದು ಮಲಗುವುದರಿಂದಾಗಲಿ ಈ ಕಾಯಿಲೆಯನ್ನು ತಡೆಯಲಾಗುವುದಿಲ್ಲ.

ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಮನೆಯವರು ಮೊದಲು ಕೇಳುವುದು ಬಿ.ಪಿ. ಇಳಿಸಲು ಮಾತ್ರೆ ಇದೆಯಲ್ಲವೇ ಎಂದು. ಇದೆ; ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಬಸುರಿನಲ್ಲಿ ಬಳಸಬಹುದಾದವು. ಅತ್ತೆಗೋ ಮಾವನಿಗೋ ಬರೆದುಕೊಟ್ಟ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡವನ್ನು ಕೆಡಿಸುತ್ತವೆ, ಅವನ್ನು ಮುಟ್ಟಲೂಬಾರದು. ಆದರೆ ಬಸುರಿನಲ್ಲಿ ಬಳಸಬಹುದಾದ ಮಾತ್ರೆಗಳೂ ಮಾಡುವುದು ತಾಯಿಯ ಮೆದುಳಿನಲ್ಲಿ ರಕ್ತಸ್ರಾವವಾಗದಂತೆ ಕಾಯುವ ಕೆಲಸವನ್ನು ಮಾತ್ರ. ಮಾಸು ಹೊಟ್ಟೆಯೊಳಗಿರುವವರೆಗೆ ಕಾಯಿಲೆ ಮುಂದುವರಿಯುತ್ತಲೇ ಇರುತ್ತದೆ, ಹೆರಿಗೆಯೇ ಅದಕ್ಕಿರುವ ಪರಿಹಾರ. ಯಾವಾಗ ಹೆರಿಗೆ ಮಾಡಿಸಬೇಕೆಂಬುದು ತಾಯಿಯ ಅಪಾಯವನ್ನೂ ಮಗುವಿನ ಎಳೆತನವನ್ನೂ ತಕ್ಕಡಿಯಲ್ಲಿಟ್ಟು ತೂಗುವ ತೀರ್ಮಾನ. ತೀವ್ರ ಲಕ್ಷಣಗಳಿಲ್ಲದಿದ್ದರೆ 37 ವಾರದವರೆಗೆ ಕಾಯುತ್ತಾರೆ, ಇದ್ದರೆ 34 ವಾರ ತುಂಬಿದ ಮೇಲೆ ಕಾಯುವುದಿಲ್ಲ. ಅದಕ್ಕೂ ಮುಂಚೆಯಾದರೆ ನವಜಾತ ಶಿಶುಗಳ ಐ.ಸಿ.ಯು. ಇರುವ ದೊಡ್ಡ ಆಸ್ಪತ್ರೆಯಲ್ಲಿಟ್ಟುಕೊಂಡು, ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬಿ.ಪಿ. ಬಂದಿದೆ ಎಂದ ಮಾತ್ರಕ್ಕೆ ಸಿಸೇರಿಯನ್ನೇ ಆಗಬೇಕೆಂದಿಲ್ಲ, ನೋವು ಬರಿಸಿ ಸಹಜ ಹೆರಿಗೆ ಮಾಡಿಸುವುದು ಬಹಳ ಸಲ ಸಾಧ್ಯ.

ಫಿಟ್ಸ್ ತಡೆಯಲು ಮತ್ತು ಬಂದದ್ದನ್ನು ನಿಲ್ಲಿಸಲು ಮ್ಯಾಗ್ನೀಸಿಯಂ ಸಲ್ಫೇಟ್‌ಗೆ ಸಮನಾದ ಔಷಧ ಇಲ್ಲ, ಅದು ದುಬಾರಿಯೂ ಅಲ್ಲ. 33 ದೇಶಗಳ 10,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ ಇದು ಫಿಟ್ಸ್ ಬರುವ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು. 2 ಮಿ.ಲೀ.ನ ಒಂದು ಆಂಪೂಲ್‌ನಲ್ಲಿ 50% ದ್ರಾವಣವಿದ್ದರೆ ಅದು 1 ಗ್ರಾಂ. ಐದು ಆಂಪೂಲ್ ಒಂದು ಪಿರ್ರೆಗೆ, ಐದು ಇನ್ನೊಂದಕ್ಕೆ, ಸ್ನಾಯುವಿನ ಆಳಕ್ಕೆ. ಒಟ್ಟು 10 ಗ್ರಾಂನ ಈ ಮೊದಲ ಡೋಸನ್ನು ಕೊಟ್ಟು ರೆಫರ್ ಮಾಡಲು ತರಬೇತಿ ಪಡೆದ ಎ.ಎನ್.ಎಂ.ಗೂ (ಹಳ್ಳಿಯ ಉಪಕೇಂದ್ರದ ಆರೋಗ್ಯ ಸಹಾಯಕಿಗೂ) ರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಆದರೂ ಏನಾದರೂ ಹೆಚ್ಚುಕಡಿಮೆಯಾದರೆ ಎಂಬ ಅಂಜಿಕೆಯಿಂದ ಕೊಡದೆಯೇ ಆಂಬ್ಯುಲೆನ್ಸ್ ಹತ್ತಿಸಿದರೆ, ಜಿಲ್ಲಾಸ್ಪತ್ರೆಯ ದಾರಿಯಲ್ಲೇ ಫಿಟ್ಸ್ ಬರಬಹುದು. ಅಂಜಿಕೆಗೆ ಮದ್ದು ಮೂರು ವಿಷಯಗಳ ಮೇಲೆ ಕಣ್ಣಿಡುವುದು. ಮುಂದಿನ ಡೋಸಿಗೆ ಮೊದಲು ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತಿರಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿರಬಾರದು, ಮೂತ್ರ ಗಂಟೆಗೆ 30 ಮಿ.ಲೀ.ಯಾದರೂ ಹೋಗುತ್ತಿರಬೇಕು. ಪ್ರತ್ಯೌಷಧವಾದ ಕ್ಯಾಲ್ಸಿಯಂ ಗ್ಲುಕೋನೇಟ್ ಅದೇ ಟ್ರೇಯಲ್ಲಿರಬೇಕು. ರೆಫರಲ್ ಚೀಟಿಯಲ್ಲಿ ಎಷ್ಟು ಗ್ರಾಂ, ಎಷ್ಟು ಗಂಟೆಗೆ ಎಂದು ಬರೆಯದೆ ಹೋದರೆ ಮುಂದಿನ ಆಸ್ಪತ್ರೆಯವರು ಮತ್ತೆ ಮೊದಲಿನಿಂದ ಕೊಡುವ ಅಪಾಯವಿದೆ.

ಮನೆಯಲ್ಲೇ ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು ಯಾವುದೂ ಬೇಡ. ಎಡಮಗ್ಗುಲಿಗೆ ಹೊರಳಿಸಿ, ಪೆಟ್ಟಾಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ ಗರ್ಭಿಣಿಗೆ ಫಿಟ್ಸ್ ಎಂದು ಸ್ಪಷ್ಟವಾಗಿ ಹೇಳಬೇಕು.

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ 2014ರಿಂದ ನಡೆದ ಕ್ಲಿಪ್ ಎಂಬ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ಆಶಾ ಕಾರ್ಯಕರ್ತೆಯರು ಮತ್ತು ಎ.ಎನ್.ಎಂ.ಗಳು ಮೊಬೈಲ್ ಆ್ಯಪ್ ಹಿಡಿದು ಮನೆಮನೆಗೆ ಹೋಗಿ ಬಿ.ಪಿ. ನೋಡಿದರು, ಅಗತ್ಯ ಬಿದ್ದರೆ ಮೀಥೈಲ್‌ಡೋಪಾ, ಮ್ಯಾಗ್ನೀಸಿಯಂ ಕೊಟ್ಟು ಆಸ್ಪತ್ರೆಗೆ ಕಳುಹಿಸಿದರು. ಅವರಿಂದ ಇದು ಸಾಧ್ಯ ಎಂಬುದು ಸಾಬೀತಾಯಿತು. ಆದರೂ ಪಾಕಿಸ್ತಾನ, ಮೊಜಾಂಬಿಕ್ ಸೇರಿ ಮೂರೂ ದೇಶಗಳ ಲೆಕ್ಕ ಒಟ್ಟುಗೂಡಿಸಿದಾಗ ತಾಯಿ ಮಗುವಿನ ಸಾವುನೋವು ನಿರೀಕ್ಷಿಸಿದಂತೆ ಇಳಿಯಲಿಲ್ಲ. ಎಂಟು ಅಥವಾ ಹೆಚ್ಚು ಸಲ ತಪಾಸಣೆಯಾದ ಮಹಿಳೆಯರಲ್ಲಿ ಫಲಿತಾಂಶ ಉತ್ತಮವಾಗಿತ್ತು. ನಾನು ಇದನ್ನು ಸೋಲೆಂದು ಓದುವುದಿಲ್ಲ. ಒಂದೆರಡು ಸಲ ಅಳೆದು ಬಿಟ್ಟರೆ ಸಾಲದು, ಹಿಡಿದ ಮೇಲೆ ಕಳುಹಿಸುವ ಆಸ್ಪತ್ರೆಯಲ್ಲಿ ವೈದ್ಯರು, ರಕ್ತ, ಔಷಧ ಎಲ್ಲವೂ ಇರಬೇಕು ಎಂಬುದನ್ನು ಅದು ನೇರವಾಗಿ ಹೇಳುತ್ತದೆ.

ಮಾಸು ಬಿದ್ದ ಕೂಡಲೇ ಎಲ್ಲ ಮುಗಿಯಿತು ಎಂಬ ನೆಮ್ಮದಿಯೂ ಅವಸರದ್ದು. ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ ರಕ್ತದೊತ್ತಡ ಮತ್ತೆ ಏರುತ್ತದೆ, ಅಷ್ಟರಲ್ಲಿ ಎಷ್ಟೋ ಮಂದಿ ಮನೆ ಸೇರಿರುತ್ತಾರೆ. ಆರು ವಾರಗಳವರೆಗೂ ಫಿಟ್ಸ್ ಬರುವ ಸಾಧ್ಯತೆ ಇದೆ, ಬಸುರಿನಲ್ಲಿ ಒತ್ತಡ ಸರಿಯಾಗಿಯೇ ಇದ್ದವರಿಗೂ. ಬಾಣಂತಿಗೆ ತಲೆನೋವು ಎಂದರೆ ತಲೆಗೆ ಗಾಳಿ ಹೊಕ್ಕಿತು ಎಂದು ಸ್ಕಾರ್ಫ್ ಇನ್ನಷ್ಟು ಬಿಗಿಯಾಗಿ ಕಟ್ಟಿ, ಕಷಾಯ ಕುಡಿಸಿ, ಕತ್ತಲೆಕೋಣೆಯಲ್ಲಿ ಮಲಗಿಸುವ ನಮ್ಮ ಬಾಣಂತನದಲ್ಲಿ ಈ ಫಿಟ್ಸ್‌ನ ಮುನ್ಸೂಚನೆ ಮುಚ್ಚಿಹೋಗುತ್ತದೆ. ಹೆರಿಗೆ ಕೋಣೆಯವರಿಗೂ ಒಂದು ಮಾತು ಇಲ್ಲಿ ಸೇರಿಕೊಳ್ಳುತ್ತದೆ: ರಕ್ತಸ್ರಾವ ತಡೆಯಲು ಕೊಡುವ ಮೆಥರ್ಜಿನ್ ಒತ್ತಡವನ್ನು ಏರಿಸುತ್ತದೆ, ಇಂಥ ತಾಯಿಗೆ ಆಕ್ಸಿಟೋಸಿನ್ನೇ ಸರಿ.

ಒಮ್ಮೆ ಬಂದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಮುಂದಿನ ಬಸುರಿನಲ್ಲಿಯೂ ಇದು ಬರುತ್ತದೆ. ಮುಂದಿನ ವರ್ಷಗಳಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು. ಆದ್ದರಿಂದ ಹೆರಿಗೆಯಾಗಿ ಮೂರು ತಿಂಗಳೊಳಗೆ ಒತ್ತಡ ಸಹಜಕ್ಕೆ ಬಂದಿದೆಯೇ ಎಂದು ನೋಡಿ, ಬಂದಿದ್ದರೂ ವರ್ಷಕ್ಕೊಮ್ಮೆ ಅಳೆಯಿಸುತ್ತಿರಬೇಕು. ಇದಕ್ಕೆ ಬೇರೆ ದಿನ ಹುಡುಕಬೇಕಾಗಿಲ್ಲ. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸಲು ತಾಯಿ ಹೇಗೂ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಎಲ್ಲರೂ ಮಗುವನ್ನು ನೋಡುತ್ತಾರೆ, ತೂಗುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. ಅದೇ ಮೇಜಿನ ಮೇಲೆ ಬಿ.ಪಿ. ಯಂತ್ರವೂ ಇರುತ್ತದೆ. ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಐದು ನಿಮಿಷ ಕುಳಿತು, ತಾಯಿಯೂ ತೋಳು ಚಾಚಿದರೆ ಆಯಿತು.